ರೇಡಿಯೋಗೂ ಒಂದು ಮೊರ ರಾಗಿ

ನಾನು ಚಿಕ್ಕವಳಿದ್ದಾಗ ನಮ್ಮ ಊರಿಗೆಲ್ಲ ಸೇರಿ ಇದ್ದದ್ದು ಒಂದೇ ಒಂದು ರೇಡಿಯೋ. ರಾಮಾಪುರದಿಂದ ಕಾಡಿನ ಕಡೆಗೆ ನಡೆದರೆ ಸಿಗುವ ಊರು ನಮ್ಮದು. ಕೊಳ್ಳೇಗಾಲದ ಸೀಮೆ ಮದರಾಸು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಕರೆಂಟು ಇನ್ನೂ ನಮ್ಮ ಕಡೆ ತಲೆ ಹಾಕಿರಲಿಲ್ಲ. ರೇಡಿಯೋ ಸರ್ಕಾರ ಪಂಚಾಯ್ತಿಗೆ ಕೊಟ್ಟದ್ದು. ಚಾವಡಿಯ ಒಳಗೆ ಬೀಗ ಹಾಕಿದ ಮರದ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಅದರ ಪಕ್ಕದಲ್ಲಿ ದಪ್ಪನೆಯ ಬ್ಯಾಟರಿ, ಹೊರಗೆ ಹುಣಸೆಮರದ ಕೊಂಬೆಗೆ ಕಟ್ಟಿದ ತಗಡಿನ ಸ್ಪೀಕರ್.

ಪೆಟ್ಟಿಗೆಯ ಬೀಗದಕೈ ಅಪ್ಪನ ಉಡಿದಾರದಲ್ಲಿ ಇರುತ್ತಿತ್ತು. ಸಂಜೆ ಹೊಲದಿಂದ ಬಂದವನೇ ಕೈಕಾಲು ತೊಳೆದು, ದೇವರ ಮನೆಗೆ ಹೋಗುವವನ ಹಾಗೆ ಚಾವಡಿಗೆ ಹೋಗುತ್ತಿದ್ದ. ಗುಂಡಿ ತಿರುಗಿಸಿದರೆ ಮೊದಲು ಗೊರಗೊರ ಅನ್ನುವ ಸದ್ದು, ಆಮೇಲೆ ಸ್ವಚ್ಛವಾದ ಒಂದು ದನಿ. ಗಂಡಸರು ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು. ಹೆಂಗಸರು ಚಾವಡಿಯಲ್ಲಿ ಕೂರುವ ಪದ್ಧತಿ ಇರಲಿಲ್ಲ. ಆದರೆ ಸ್ಪೀಕರಿಗೆ ಆ ಪದ್ಧತಿ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ, ಅದರ ದನಿ ಬೀದಿ ದಾಟಿ ನಮ್ಮ ಅಡುಗೆಮನೆಗೂ ಬರುತ್ತಿತ್ತು.

ಅಕ್ಕನಿಗೆ ಆ ದನಿ ಅಂದರೆ ಪ್ರಾಣ. ನಾಲ್ಕನೇ ಕ್ಲಾಸು ಮುಗಿದ ಮೇಲೆ ಅವಳನ್ನು ಸ್ಕೂಲು ಬಿಡಿಸಿದ್ದರು. ಮುಂದೆ ಓದಬೇಕಾದರೆ ಹನೂರಿಗೆ ಹೋಗಬೇಕು, ಹೆಣ್ಣುಮಗಳನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಹಾಗಾಗಿ ರೇಡಿಯೋನೇ ಅವಳ ಸ್ಕೂಲು. ವಾರ್ತೆ ಶುರುವಾದ ಕೂಡಲೇ ಅವಳು ರಾಗಿ ಬೀಸುವುದನ್ನು ನಿಲ್ಲಿಸಿ, ಬೀಸುಕಲ್ಲಿನ ಗೂಟದ ಮೇಲೆ ಕೈ ಇಟ್ಟುಕೊಂಡೇ ಕೇಳುತ್ತಿದ್ದಳು. ನಾನು ಅವಳ ತೊಡೆಗೆ ಒರಗಿ ಹುರಿದ ಅವರೆಕಾಳು ಮೆಲ್ಲುತ್ತಾ ಕಟುಂ ಅನ್ನಿಸಿದರೆ ತಲೆಯ ಮೇಲೆ ಒಂದು ಮೊಟಕು ಬೀಳುತ್ತಿತ್ತು. ಕೇಳಿದ ದೇಶಗಳ ಹೆಸರನ್ನೆಲ್ಲ ಅವಳು ಮರುದಿನ ಎಮ್ಮೆಗೆ ಹುಲ್ಲು ಹಾಕುವಾಗ ಬಾಯಿಪಾಠ ಮಾಡುತ್ತಿದ್ದಳು. ಎಮ್ಮೆಗೂ ಅಷ್ಟೊತ್ತಿಗೆ ಬಂದಿರಬೇಕು.

ಒಂದು ವರ್ಷ ಮಳೆಗೆ ಕೆರೆಯ ಏರಿ ಒಡೆಯಿತು. ಪಂಚಾಯ್ತಿಯ ದುಡ್ಡೆಲ್ಲ ಅದಕ್ಕೇ ಹೋಯಿತು. ಅದೇ ಹೊತ್ತಿಗೆ ಬ್ಯಾಟರಿ ಸತ್ತು ರೇಡಿಯೋ ಮೂಕವಾಯಿತು. ಲೈಸೆನ್ಸನ್ನೂ ಹೊಸದು ಮಾಡಿಸಬೇಕಿತ್ತು. ನಗಬೇಡಿ, ಆಗ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಿತ್ತು, ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಬೇಕಿತ್ತು. ಊರಿನಲ್ಲಿ ದೊಡ್ಡಪ್ಪನದೇ ಮಾತು. ಅಪ್ಪನ ಅಣ್ಣ ಅವನು, ಪಂಚಾಯ್ತಿಯ ಯಜಮಾನ, ಎಣ್ಣೆ ಹಚ್ಚಿದ ಬೋಳುತಲೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಆ ತಗಡಿನ ಸದ್ದು ಯಾರಿಗೆ ಬೇಕು ಎಂದು ಅವನೇ ಹಿಂದೆ ಒಂದು ಸಂಜೆ ಚಾವಡಿಗೆ ಹೋಗಿ ತಲೆ ಎಣಿಸಿದ್ದನಂತೆ. ಬೀಡಿ ಸೇದುವ ನಾಲ್ಕು ಜನಕ್ಕೋಸ್ಕರ ಊರು ಖರ್ಚು ಮಾಡುವುದು ಬೇಡ, ಪೆಟ್ಟಿಗೆಯನ್ನು ವಾಪಸು ಕಳಿಸಿಬಿಡೋಣ ಎಂದು ತೀರ್ಮಾನ ಮಾಡಿಬಿಟ್ಟ. ಅಣ್ಣನ ಎದುರು ಅಪ್ಪ ಬಾಯಿ ಬಿಡುವವನಲ್ಲ.

ಪೆಟ್ಟಿಗೆ ರಾಮಾಪುರದ ಸಂಜೆಯ ಬಸ್ಸಿಗೆ ಹೋಗಬೇಕಿದ್ದ ದಿನವೇ ನಮ್ಮ ಕಣದಲ್ಲಿ ರಾಗಿ ರಾಶಿ. ನಮ್ಮದೂ ದೊಡ್ಡಪ್ಪನದೂ ಒಂದೇ ಕಣ. ಬೆಳಿಗ್ಗೆಯಿಂದ ಎತ್ತುಗಳು ಗುಂಡುಕಲ್ಲು ಎಳೆದು ಸುತ್ತಿದ್ದವು. ಹುಲ್ಲಿನ ಘಮ, ಸಗಣಿ ಸಾರಿಸಿದ ನೆಲದ ತಂಪು, ಮೈಗೆಲ್ಲ ಹೊಟ್ಟಿನ ತುರಿಕೆ. ಅಕ್ಕ ಹೆಂಗಸರ ಜೊತೆ ರಾಗಿ ತೂರುತ್ತಿದ್ದಳು. ಅವಳ ಕಣ್ಣು ಕೆಂಪಾಗಿದ್ದದ್ದು ಹೊಟ್ಟಿನಿಂದ ಅಂತ ನಾನು ಅಂದುಕೊಂಡಿದ್ದೆ.

ರಾಶಿಗೆ ಪೂಜೆಯಾದ ಮೇಲೆ ಆಯ ಅಳೆಯುವ ಹೊತ್ತು. ಆಯ ಅಂದರೆ ಊರಿನ ಕೆಲಸ ಮಾಡುವವರಿಗೆ ಪ್ರತಿ ಮನೆಯವರೂ ಕಣದಲ್ಲೇ ಕೊಡುವ ಪಾಲು. ನೇಗಿಲು ತಟ್ಟುವವರು, ಬಟ್ಟೆ ಒಗೆಯುವವರು, ಕ್ಷೌರ ಮಾಡುವವರು ತಮ್ಮ ತಮ್ಮ ಮೊರಗಳನ್ನು ಸಾಲಾಗಿ ಇಡುತ್ತಿದ್ದರು. ದೊಡ್ಡಪ್ಪ ಒಂದೊಂದಕ್ಕೂ ರಾಗಿ ಸುರಿಯುತ್ತಾ ಬಂದ. ಸಾಲಿನ ಕೊನೆಗೆ ಬಂದಾಗ ಅಲ್ಲಿ ಇನ್ನೂ ಒಂದು ಖಾಲಿ ಮೊರ ಇತ್ತು.

"ಇದ್ಯಾರ ಮೊರ ಕಣಮ್ಮಿ?" ಅಂದ.

"ರೇಡಿಯೋದು ದೊಡ್ಡಪ್ಪ," ಅಂದಳು ಅಕ್ಕ.

ಕಣದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಪ್ಪನೂ ನಕ್ಕ. ತಾನು ಅದನ್ನು ಕೇಳುವವನೇ ಅಲ್ಲ, ಕೇಳದವನು ಯಾಕೆ ಕೊಡಬೇಕು ಎಂದು ಮುಂದಕ್ಕೆ ನಡೆಯಹೋದ. ಅಕ್ಕ ಮೊರ ಎತ್ತಲಿಲ್ಲ.

"ನಿಮ್ಮ ತಲೇಲಿ ಒಂದು ಕೂದ್ಲೂ ಇಲ್ಲ ದೊಡ್ಡಪ್ಪ. ಆದ್ರೂ ಕ್ಷೌರದೋರ ಮೊರಕ್ಕೆ ವರ್ಸ ವರ್ಸ ರಾಗಿ ಉಯ್ತೀರಿ. ಊರಿಗೆ ಬೇಕು ಅಂತಲ್ವಾ ಕೊಡಾದು?"

ಈಗ ಯಾರೂ ನಗಲಿಲ್ಲ. ಅಪ್ಪ ತಲೆ ತಗ್ಗಿಸಿ ಉಡಿದಾರದ ಬೀಗದಕೈಯನ್ನು ಹಿಸುಕುತ್ತಿದ್ದ. ದೊಡ್ಡಪ್ಪನ ಬೋಳುತಲೆ ಕೆಂಪಗಾಯಿತು. ಅಕ್ಕನಿಗೆ ಇವತ್ತು ಗ್ರಹಚಾರ ಕಾದಿದೆ ಎಂದು ನಾನು ಅವಳ ಸೆರಗು ಹಿಡಿದುಕೊಂಡೆ. ಆದರೆ ಅವನು ಬೈಯಲಿಲ್ಲ. ಊರಿಗೆ ಬೇಕು ಅಂತ ಯಾರು ಹೇಳಿದರು, ನಾಲ್ಕೇ ಜನ ಕೂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೀನಲ್ಲ ಎಂದು ಗೊಣಗಿದ.

ಅಷ್ಟರಲ್ಲಿ ಕೂತು ರಾಗಿ ಕೇರುತ್ತಿದ್ದ ಹೆಂಗಸರ ನಡುವಿನಿಂದ ದೊಡ್ಡಮ್ಮ ಎದ್ದು ಬಂದಳು. ಗಂಡನ ಎದುರು ಜೋರಾಗಿ ಉಸಿರನ್ನೂ ಬಿಡದ ದೊಡ್ಡಮ್ಮ. ತನ್ನ ಮೊರದಲ್ಲಿದ್ದ ರಾಗಿಯನ್ನು ಅಕ್ಕನ ಮೊರಕ್ಕೆ ಸುರಿದಳು.

"ನಾನೂ ಕೇಳ್ತೀನಿ ಕನ," ಅಂದಳು. "ನೀವು ಎಣಿಸ್ದಾಗ ನಾನು ಒಲೆ ಮುಂದ ಇದ್ದೆ."

ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಸಂಜೆ ಹೊತ್ತು ಬೀದಿಯ ಬೀಸುಕಲ್ಲುಗಳೆಲ್ಲ ಒಟ್ಟಿಗೆ ಯಾಕೆ ನಿಲ್ಲುತ್ತವೆ ಎಂದು ಊರಿನ ಗಂಡಸರಿಗೆ ಅವತ್ತೇ ಗೊತ್ತಾಯಿತು. ದೊಡ್ಡಪ್ಪ ಬಗ್ಗಿ ಒಂದು ಮೊರ ರಾಗಿ ತುಂಬಿ ಸುರಿದ. ಸುರಿಯುವಾಗ ಗೊಣಗಾಟ ಇದ್ದೇ ಇತ್ತು, ಅದು ಅವನ ಹುಟ್ಟುಗುಣ. ಸಂಜೆಯ ಬಸ್ಸು ಪೆಟ್ಟಿಗೆ ಇಲ್ಲದೆ ಹೋಯಿತು.

ಆಮೇಲೆ ಊರಿನ ಎಲ್ಲ ಕಣಗಳಲ್ಲೂ ರೇಡಿಯೋಗೆ ಒಂದು ಮೊರ ಇಟ್ಟರು. ಆ ರಾಗಿ ಮಾರಿ ಅಪ್ಪ ಲೈಸೆನ್ಸು ಕಟ್ಟಿದ, ಕೊಳ್ಳೇಗಾಲದಿಂದ ಹೊಸ ಬ್ಯಾಟರಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದ. ಹುಣಸೆಮರ ಮತ್ತೆ ಮಾತಾಡಿದ ಸಂಜೆ ಅಕ್ಕ ಬೀಸುಕಲ್ಲು ನಿಲ್ಲಿಸಿ ಅತ್ತಳು. ನಾನು ಅವರೆಕಾಳನ್ನು ಸದ್ದಿಲ್ಲದೆ ಚೀಪಿದೆ.

ಈಗ ನಿಮ್ಮ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೋನು, ಕಿವಿಯೊಳಗೆ ಒಬ್ಬೊಬ್ಬರಿಗೆ ಒಂದೊಂದು ದನಿ. ಎಲ್ಲ ಪುಕ್ಕಟೆ ಅಜ್ಜಿ ಅನ್ನುತ್ತೀರಿ. ಪುಕ್ಕಟೆಯಾದರೆ ನಡುನಡುವೆ ಸೋಪು ಮಾರಲು ಬರುವವನು ಯಾರಪ್ಪಾ ಅಂದರೆ ನಗುತ್ತೀರಿ. ಮೊನ್ನೆ ಪೇಪರಿನಲ್ಲಿ, ರೇಡಿಯೋವನ್ನು ಈಗ ಯಾರು ಕೇಳುತ್ತಾರೆ, ಅದಕ್ಕೆ ಸರ್ಕಾರದ ದುಡ್ಡು ಯಾಕೆ ಎಂದು ಯಾರೋ ಬರೆದಿದ್ದರು. ಓದಿ ನನಗೆ ದೊಡ್ಡಪ್ಪನ ಬೋಳುತಲೆ ನೆನಪಾಯಿತು.

ಈಗಲೂ ಕೇಳುವವರಿದ್ದಾರೆ ಅಂದರೆ ನಿಮಗೆ ನಂಬಿಕೆ ಬಾರದಿದ್ದರೆ ಈ ಸಲ ರಜಕ್ಕೆ ಹನೂರಿಗೆ ಹೋದಾಗ ಸಂಜೆ ಅಕ್ಕನ ಅಡುಗೆಮನೆಯಲ್ಲಿ ಕೂತು ನೋಡಿ. ವಾರ್ತೆ ಶುರುವಾದ ತಕ್ಷಣ ನಿಮ್ಮ ದೊಡ್ಡಜ್ಜಿ ಮಿಕ್ಸಿ ಆರಿಸುತ್ತಾಳೆ. ಕೈ ಮಾತ್ರ ಮುಚ್ಚಳದ ಮೇಲೇ ಇರುತ್ತದೆ.