ಶೆರ್ಲಿಯ ಗಂಟಲಿಗೆ ಟಾರ್ಚ್

ಹಾಡುತ್ತಿರುವವರ ಗಂಟಲಿಗೆ ಟಾರ್ಚ್ ಬಿಡಲು ಡಾಕ್ಟರೊಬ್ಬರು ಸ್ಟೇಜಿಗೆ ಓಡಿಬಂದದ್ದನ್ನು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದೆ. ಹೋದ ತಿಂಗಳು, ಸಿಡ್ನಿಯ ಟೂಂಗಾಬಿಯಲ್ಲಿ, ನಮ್ಮದೇ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ. ಏರ್ಪಾಡು ಯಾರದು? ಈ ಮಹಾನುಭಾವನದೇ, ಅಂದರೆ ನನ್ನದೇ.

ಶೆರ್ಲಿ ನನ್ನ ಮನೆ ಓನರ್. (ಅವರ ಹಿತ್ತಲಿನ ರೂಮಿನಲ್ಲಿ ನನ್ನ ಬಾಡಿಗೆ ವಾಸ. ನನ್ನ ಒಗ್ಗರಣೆ ಘಾಟನ್ನು ಇನ್ನೂ ಸಹಿಸಿಕೊಂಡಿದ್ದಾರೆ.) ಒಂದು ಕಾಲದಲ್ಲಿ ಯೋಡೆಲ್ ಹಾಡುಗಾರ್ತಿ. ಯೋಡೆಲ್ ಅಂದರೆ ಎದೆಯಿಂದ ಹೊರಟ ದನಿ ತಟಕ್ಕನೆ ನೆತ್ತಿಗೆ ಹಾರಿ, ಮತ್ತೆ ದೊಪ್ಪನೆ ಕೆಳಗೆ ಬೀಳುವ ಹಾಡು. ಹುಡುಗಿಯಾಗಿದ್ದಾಗ ದೂರದ ಹಸುಗಳನ್ನು ಕೂಗಿ ಕರೆಯುತ್ತಾ ಕಲಿತರಂತೆ. ಆಮೇಲೆ ಗಿಟಾರ್ ಹಿಡಿದು ಊರೂರು ಟೆಂಟ್ ಶೋ, ರೇಡಿಯೋ, ರೆಕಾರ್ಡು. ಕ್ಲಬ್ಬುಗಳಿಗೆ ಡಿಸ್ಕೋ ಬಂದಮೇಲೆ ಯಾರೂ ಕರೆಯಲಿಲ್ಲ. ಈಗ ಸ್ಕೂಲ್ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಮಾಡುತ್ತಾರೆ.

ನಾನು ಯುಗಾದಿಗೆ ಹಾಡಲು ಕರೆದಾಗ ಹೇಳಿದ್ದರು (ಅವರ ಬಾಯಲ್ಲಿ ಎಲ್ಲರೂ "ಲವ್"): "ಇದೊಂದ್ಸಲ ಹಾಡಿ ನೋಡ್ತೀನಿ, ಲವ್. ಜನಕ್ಕೆ ಹಿಡಿಸ್ಲಿಲ್ಲ ಅಂದ್ರೆ ಗಿಟಾರ್ ಮಾರ್ಬಿಡ್ತೀನಿ."

ನಾನೇನು ಮಾಡಿದೆ? ಕಮಿಟಿಯ ಹಿರಿಯರು ಒಪ್ಪಲಿ ಅಂತ ಯೋಡೆಲ್ ಸುದ್ದಿಯನ್ನೇ ಎತ್ತದೆ, "ಇಲ್ಲಿನ ಹಿರಿಯ ವಿದುಷಿ" ಅಂದುಬಿಟ್ಟೆ. ಮೈಕಿನಲ್ಲೂ ಅದನ್ನೇ ಹೇಳಿದೆ. ಸಭೆ ತಾಳ ಹಾಕಲು ತೊಡೆ ಸಿದ್ಧಮಾಡಿಕೊಂಡು ಕೂತಿತು.

ಮೊದಲ ಸಾಲು ಸುಸೂತ್ರ. ಎರಡನೆಯದರಲ್ಲಿ ದನಿ ಹಾರಿತು ನೋಡಿ, ಮುಂದೆ ಕೂತಿದ್ದ ಆಂಟಿಯರೆಲ್ಲ "ಅಯ್ಯೋ ಪಾಪ" ಅಂದರು. ಮೈಸೂರಿನವರಾದ ಇಎನ್‌ಟಿ ಡಾಕ್ಟರ್ ಮೂರ್ತಿ ಅಂಕಲ್, ಒಂದು ಕೈಲಿ ಬಿಸಿನೀರಿನ ಫ್ಲಾಸ್ಕ್, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಸ್ಟೇಜ್ ಹತ್ತಿಯೇಬಿಟ್ಟರು.

"ಸ್ಟಾಪ್, ಮೇಡಂ! ಯುವರ್ ವಾಯ್ಸ್ ಈಸ್ ಬ್ರೇಕಿಂಗ್!"

ಶೆರ್ಲಿಯ ಮುಖ ಸಣ್ಣದಾಯಿತು. ಗಿಟಾರಿನ ಬೆಲ್ಟ್ ಬಿಚ್ಚತೊಡಗಿದರು.

"ಅಂಕಲ್, ಅದು ಒಡೀಬೇಕು! ಹಾಡೋದೇ ಹಾಗೆ!" ಕಿರುಚಿದೆ.

"ಏನ್ ಹಾಗೆ? ನಮ್ ಸಂಗೀತದ ಮೇಷ್ಟ್ರು ಇದಕ್ಕೇ ಕಳ್ಳ ದನಿ ಅಂತ ತೊಡೆ ಚಿವುಟ್ತಿದ್ರು ಕಣೋ!"

ವಿವರಿಸುವ ಬದಲು ನಾನೇ ಯೋಡೆಲ್ ಮಾಡಿ ತೋರಿಸಿದೆ. ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕು ಕೂಡ ನನಗಿಂತ ಶ್ರುತಿಯಲ್ಲಿರುತ್ತದೆ. ಹಾಲ್ ಪೂರಾ ನಗು. ಶೆರ್ಲಿಗೂ ತಡೆಯಲಾಗಲಿಲ್ಲ.

"ನೋ ನೋ, ಲವ್! ಒಡೆಯೋ ಜಾಗ ಬಚ್ಚಿಡ್ಬಾರ್ದು. ಧೈರ್ಯವಾಗಿ ಹಾರ್ಬೇಕು," ಅಂದವರೇ ಬೆಲ್ಟ್ ಬಿಗಿದು, ಬಿಸಿನೀರು ಕುಡಿದು, ಹಾಡಿದರು. ಈ ಸಲ ದನಿ ಒಡೆದಾಗ ಯಾರೂ "ಪಾಪ" ಅನ್ನಲಿಲ್ಲ. "ಭಲೇ" ಅಂದರು.

"ಎಲ್ಲಿ, ನಾನೂ ಒಂದ್ಸಲ," ಎಂದು ಮೂರ್ತಿ ಅಂಕಲ್ ಕತ್ತೆತ್ತಿದರು. ಅವರ ದನಿಯೂ ಹಾರಿತು!

"ರೀ, ಬಿಪಿ ಮಾತ್ರೆ ತೊಗೊಂಡಿದೀರಾ?" ಕೆಳಗಿನಿಂದ ಅವರ ಹೆಂಡತಿ.

(ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮ ಮಕ್ಕಳು ಅವತ್ತು ಯೋಡೆಲ್‌ಗೆ ಯೋಡೆಲ್‌ನಲ್ಲೇ ಉತ್ತರ ಕೊಟ್ಟರು.)

ಯಾರೋ ಅದನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿದು ಮೆಲ್ಬರ್ನ್‌ಗೆ ಕಳಿಸಿದ್ದರು. ನಿನ್ನೆ ಅಲ್ಲಿನ ಕನ್ನಡಿಗರು ಫೋನ್ ಮಾಡಿ ಶೆರ್ಲಿ ಬೇಕು ಅಂದರು. (ನಾನು ಬರುವುದು ಕಡ್ಡಾಯವಲ್ಲವಂತೆ.) ಶೆರ್ಲಿ ಗಿಟಾರಿಗೆ ಹೊಸ ತಂತಿ ಹಾಕುತ್ತಾ ಕೂತಿದ್ದಾರೆ.

ದನಿ ಒಡೆದೀತು ಅಂತ ಹೆದರಿಯೇ ನಾವೆಲ್ಲ ಎಷ್ಟು ಹಾಡು ನುಂಗಿಕೊಂಡಿದ್ದೇವೆ, ಹೇಳಿ?