ಗಡಿ ಮುಟ್ಟದ ಕೌದಿ

ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸಿದವಳಲ್ಲ ನಿಂಬೆವ್ವ. ಆದರೆ ಸನ್ಮಾನದ ಆಮಂತ್ರಣ ಹಿಡಿದು ಬಂದ ಆ ಇಬ್ಬರನ್ನು ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ಒಬ್ಬ ಧೀರೇಂದ್ರ. ಹೈಸ್ಕೂಲಿನಲ್ಲಿ ಅವಳ ಕ್ಲಾಸಿನವನು, ಎಂಜಿನಿಯರನಾಗಿ ನಿವೃತ್ತನಾಗಿ ಕಲಬುರಗಿಯಲ್ಲಿ ಮನೆ ಕಟ್ಟಿಸಿಕೊಂಡು ಆರಾಮಾಗಿ ಇರುವವನು. ಇನ್ನೊಬ್ಬ ಅದೇ ಹೈಸ್ಕೂಲಿನ ಈಗಿನ ಹೆಡ್‌ಮಾಸ್ತರ ಗೋವಿಂದ.

“ನಮ್ಮದು ಯುದ್ಧದ ಬ್ಯಾಚ್ ನೋಡು ನಿಂಬೆವ್ವಾ,” ಎಂದ ಧೀರೇಂದ್ರ. “ಎಪ್ಪತ್ತೊಂದರಾಗ ನೀವು ಹುಡುಗ್ಯಾರು ಸೈನಿಕರಿಗೆ ಕೌದಿ ಹೊಲಿದ್ರಿ. ಅದನ್ನ ಮರಿಯಾಕ ಆಗ್ತದೇನು? ಬರೋ ಗುರುವಾರ ಸಾಲ್ಯಾಗ ಕಾರ್ಯಕ್ರಮ ಇಟ್ಟೇವಿ. ನಿನಗ ಶಾಲು ಹೊದಸ್ತೇವಿ.”

“ನಾ ಬರಾಂಗಿಲ್ಲ.”

“ಇನ್ನೂ ಹಂಗೇ ಅದಿ ನೋಡು!” ಎಂದು ಧೀರೇಂದ್ರ ನಕ್ಕ. ಆ ನಗೆಗೇ ಅವಳ ಸಿಟ್ಟು ನೆತ್ತಿಗೇರಿತು. ಬಾಗಿಲು ಹಾಕಿಕೊಂಡಳು.

ಈ ಸಿಟ್ಟು ನಿನ್ನೆ ಮೊನ್ನೆಯದಲ್ಲ. ನಿಂಬೆವ್ವ ಕೊಳಕೂರಿನ ಒಕ್ಕಲುತನದ ಮನೆಯ ಮಗಳು. ಜೇವರ್ಗಿ ಕಡೆಯ ಈ ಊರಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಅಪ್ಪನದು ಒಂದೇ ಮಾತು: “ಮೆಟ್ರಿಕ್ ಪಾಸಾದ್ರ ಮಾಸ್ತರಕಿ ಟ್ರೇನಿಂಗಿಗೆ ಹಾಕ್ತೇನಿ. ಫೇಲಾದ್ರ ಲಗ್ನ.” ಹುಡುಗಿ ಜಾಣೆ. ಪಾಸಾಗುತ್ತಾಳೆ ಎಂಬುದರಲ್ಲಿ ಅಪ್ಪನಿಗೂ ಅನುಮಾನವಿರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ಆಗಿನ ಹೆಡ್‌ಮಾಸ್ತರನಿಗೆ ದೇಶಭಕ್ತಿ ಉಕ್ಕಿತು. ಗಡಿಯಲ್ಲಿ ಚಳಿಯಂತೆ, ಸೈನಿಕರಿಗೆ ನಮ್ಮ ಸಾಲಿಯಿಂದ ಕೌದಿ ಹೋಗಬೇಕು ಎಂದ. ತಾನು ಸೂಜಿ ಹಿಡಿಯಲಿಲ್ಲ, ಗಂಡುಹುಡುಗರ ಕೈಗೂ ಕೊಡಲಿಲ್ಲ. ಹತ್ತನೆಯ ಕ್ಲಾಸಿನ ಏಳು ಹುಡುಗಿಯರನ್ನು ಮಧ್ಯಾಹ್ನದ ಊಟವಾದ ಮೇಲೆ ಬೇವಿನ ಮರದ ಕೆಳಗೆ ಕೂರಿಸಿದ. ಮಧ್ಯಾಹ್ನ ಇದ್ದದ್ದು ಗಣಿತ ಮತ್ತು ಇಂಗ್ಲಿಷ್. ಒಳಗೆ ಗಂಡುಹುಡುಗರು ಬೀಜಗಣಿತ ಕಲಿತರು, ಹೊರಗೆ ಹುಡುಗಿಯರು ಹಳೆ ಸೀರೆಗೆ ಟಾಕಿ ಹಾಕಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಯುದ್ಧ ಎರಡು ವಾರದಲ್ಲಿ ಮುಗಿಯಿತು. ಕೌದಿ ಮುಗಿಯಲಿಲ್ಲ. “ಸೈನಿಕರು ಇನ್ನೂ ಗಡಿಯಲ್ಲೇ ಇದ್ದಾರೆ, ಹೊಲೀರಿ,” ಎಂದ ಹೆಡ್‌ಮಾಸ್ತರ. ನಿಂಬೆವ್ವ ಅವ್ವನ ಇಳಕಲ್ ಸೀರೆಯನ್ನೇ ತಂದು ಮೇಲು ಹೊದಿಕೆ ಮಾಡಿದ್ದಳು. ಕೌದಿಯ ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೊಂದು ರೊಟ್ಟಿಯ ತುಂಡು ಇಡುವುದು ಅವರ ಮನೆಯ ಪದ್ಧತಿ. ಕೌದಿ ಉಪವಾಸ ಇರಬಾರದು, ಇದ್ದರೆ ಹೊದ್ದವರೂ ಉಪವಾಸ ಬೀಳುತ್ತಾರೆ ಎಂಬ ನಂಬಿಕೆ. ಸೈನಿಕರು ಉಪವಾಸ ಬೀಳಬಹುದೇ? ಏಳೂ ಹುಡುಗಿಯರು ಒಂದೂ ಕೌದಿ ಬಿಡದೆ ಜೋಳದ ರೊಟ್ಟಿ ಇಟ್ಟು ಹೊಲಿದರು.

ಹೆಡ್‌ಮಾಸ್ತರನಿಗೆ ತಹಶೀಲ್ದಾರರನ್ನು ಕರೆಸಿ, ಫೋಟೋ ತೆಗೆಸಿ ಕೌದಿ ಒಪ್ಪಿಸುವ ಆಸೆ. ತಹಶೀಲ್ದಾರರಿಗೆ ಪುರುಸೊತ್ತು ಸಿಗಲಿಲ್ಲ. ಕೌದಿಗಳು ಆಟದ ಸಾಮಾನಿನ ಕೋಣೆಯಲ್ಲಿ ಬಿದ್ದವು. ರೊಟ್ಟಿಯ ವಾಸನೆಗೆ ಇಲಿಗಳು ಬಂದವು. ಬಾಗಿಲು ತೆಗೆದಾಗ ಉಳಿದದ್ದು ಚಿಂದಿ. ಒಂದು ಸಂಜೆ ಸಾಲಿಯ ಹಿಂದೆ ಅದನ್ನೆಲ್ಲ ಸುಡುವಾಗ ನಿಂಬೆವ್ವ ನೋಡಿದಳು, ಅವ್ವನ ಸೀರೆಯ ಅಂಚನ್ನು ಗುರುತು ಹಿಡಿದಳು. ಮುಂದಿನ ವಾರವೇ ಬೀಳ್ಕೊಡುಗೆಯ ಸಭೆಯಲ್ಲಿ ಹೆಡ್‌ಮಾಸ್ತರ, “ನಮ್ಮ ಕೌದಿ ಗಡಿ ಮುಟ್ಟಿದವು,” ಎಂದ. ಗಂಡುಹುಡುಗರು ಚಪ್ಪಾಳೆ ತಟ್ಟಿದರು.

ಏಳೂ ಹುಡುಗಿಯರು ಫೇಲಾದರು, ಏಳೂ ಮಂದಿ ಗಣಿತದಲ್ಲಿ. ಕೇಳಲು ಹೋದ ಅಪ್ಪನಿಗೆ ಹೆಡ್‌ಮಾಸ್ತರ ಹೇಳಿದ್ದು, “ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ.” ಬಸವ ಜಯಂತಿಯ ಹೊತ್ತಿಗೆ ನಿಂಬೆವ್ವನಿಗೆ ಸೋದರಮಾವನ ಜೊತೆ ಲಗ್ನವಾಯಿತು. ಗಂಡ ಒಳ್ಳೆಯವನೇ, ತೊಗರಿ ಹೊಲವೂ ಇತ್ತು, ಮಕ್ಕಳೂ ಆದವು. ಆದರೆ ಬಯಸಿದ್ದು ಅದಲ್ಲವಲ್ಲ! ಎಷ್ಟು ಜನ ಕೇಳಿಕೊಂಡರೂ ಅವಳು ಮತ್ತೆ ಕೌದಿ ಹೊಲಿಯಲಿಲ್ಲ. ಸ್ವಂತ ಮೊಮ್ಮಕ್ಕಳಿಗೂ ಹೊಲಿಯಲಿಲ್ಲ.

ಧೀರೇಂದ್ರ ಬಂದುಹೋದ ಸಂಜೆ ಮೊಮ್ಮಗಳು ಅಮೃತ ಸಾಲಿಯಿಂದ ಬಂದಳು. ಅದೇ ಸಾಲಿ, ಅದೇ ಹತ್ತನೆಯ ಕ್ಲಾಸು, ಪರೀಕ್ಷೆಗೆ ತಿಂಗಳೂ ಉಳಿದಿಲ್ಲ. ಬಂದವಳು ಪುಸ್ತಕ ತೆಗೆಯಲಿಲ್ಲ, ಸೀರೆ ಕೇಳಿದಳು.

“ಯಾಕ ಬೇ?”

“ಗುರುವಾರ ಕುಂಭ ಹೊರಬೇಕು ಆಯಿ. ವಾರದಿಂದ ಸ್ವಾಗತ ಗೀತಾ ಪ್ರಾಕ್ಟೀಸ್ ಮಾಡಾಕತ್ತೇವಿ, ಮಧ್ಯಾಹ್ನ.”

“ಗಂಡುಹುಡುಗರು?”

“ಅವ್ರಿಗೆ ಗಣಿತ ರಿವಿಜನ್.”

ನಿಂಬೆವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಗುರುವಾರ ಹೋಗುವುದೆಂದು ಆ ಗಳಿಗೆಯಲ್ಲೇ ನಿಶ್ಚಯಿಸಿದಳು.

ಗುರುವಾರ ಶಾಮಿಯಾನ ಹಾಕಿದ್ದರು. ಹುಡುಗಿಯರು ತಲೆಯ ಮೇಲೆ ಕುಂಭ ಹೊತ್ತು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಧೀರೇಂದ್ರ ಮೈಕು ಹಿಡಿದು ಅರ್ಧ ತಾಸು ಆ ದಿನಗಳನ್ನು ನೆನೆದ. ಕತ್ತಲೆಯಲ್ಲಿ ರೇಡಿಯೋ ಕೇಳಿದ್ದು, ಜೈಕಾರ ಹಾಕಿದ್ದು, ಎಂಥ ಬಂಗಾರದ ಕಾಲ! “ಆ ಕೌದಿ ಹೊದ್ದು ನಮ್ಮ ಜವಾನರು ಮಲಗಿದರು,” ಎಂದು ಕಣ್ಣು ಒರೆಸಿಕೊಂಡ. ಆಮೇಲೆ ನಿಂಬೆವ್ವನನ್ನು ಕರೆದ.

ಅವಳು ವೇದಿಕೆ ಹತ್ತಿದಳು. ಚಾಚಿದ ಶಾಲನ್ನು ಕೈಯಿಂದ ಆಚೆ ಸರಿಸಿದಳು.

“ಜವಾನರು ಹೊದ್ದಿಲ್ಲ. ಇಲಿ ತಿಂದ್ವು,” ಎಂದಳು ಮೈಕಿನಲ್ಲಿ. “ಇದೇ ಸಾಲಿ ಹಿಂದ ಸುಟ್ರು. ನಾ ನೋಡೇನಿ.”

ಧೀರೇಂದ್ರ ಹತ್ತಿರ ಬಂದು ಪಿಸುಗುಟ್ಟಿದ, “ಹಳೇದು ಯಾಕ ಕೆದಕ್ತಿ? ದೇಶಕ್ಕಂತ ಮಾಡಿದ್ವಿ.”

“ಮಾಡಿದ್ವಿ ಅನಬ್ಯಾಡ. ನಾ ಹೊಲಿದೆ, ನೀ ಪಾಸಾದಿ.”

ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು. ಅವಳು ಕೆಳಗಿಳಿದು ನೆಟ್ಟಗೆ ಹುಡುಗಿಯರು ನಿಂತಲ್ಲಿಗೆ ಹೋದಳು. ಅಮೃತಳ ತಲೆಯ ಮೇಲಿನ ಕುಂಭ ಇಳಿಸಿದಳು.

“ಆಯಿ, ಮಂದಿ ನೋಡಾಕತ್ತಾರ...”

“ನೋಡ್ಲಿ. ಒಳಗ ನಡೀರಿ ಎಲ್ಲಾರೂ.” ಗೋವಿಂದನ ಕಡೆ ತಿರುಗಿದಳು. “ಹೆಡ್‌ಮಾಸ್ತರ್ರೇ, ಇವ್ರಿಗೆ ಗಣಿತ ಹೇಳಾವ್ರು ಯಾರ್ರಿ? ಎಬ್ಬಿಸಿ ಕಳಸ್ರಿ.”

ಗೋವಿಂದ ಧೀರೇಂದ್ರನ ಮುಖ ನೋಡಿದ. ಧೀರೇಂದ್ರ ನೆಲ ನೋಡುತ್ತಿದ್ದ. ಸಾಲಿನಿಂದ ಕುಂಭಗಳು ಒಂದೊಂದಾಗಿ ಕೆಳಗಿಳಿದವು. ಗಣಿತದ ಮಾಸ್ತರು ತಾವಾಗಿಯೇ ಎದ್ದು ಕ್ಲಾಸಿಗೆ ನಡೆದರು.

ನಿಂಬೆವ್ವ ಕ್ಲಾಸಿನ ಬಾಗಿಲಿಗೆ ಅಡ್ಡ ನಿಂತಳು. ಮಧ್ಯಾಹ್ನ ಒಂದು ಗಂಟೆಗೆ ಗೋವಿಂದ ಬಂದು ತಲೆ ಕೆರೆಯುತ್ತಾ ಹೇಳಿದ, “ಊಟಕ್ಕ ಬಡಸಾಕ ನಾಕು ಹುಡುಗ್ಯಾರು ಬೇಕಾಗಿತ್ರಿ.”

“ಅಲ್ಲಿ ಕುಂತವ್ರಿಗೆ ಕೈ ಇಲ್ಲೇನ್ರಿ?”

ಅವನು ಹೋದ. ಆ ಬ್ಯಾಚಿನ ಎಪ್ಪತ್ತರ ಪ್ರಾಯದ ಗಂಡಸರು ಗೊಣಗುತ್ತಾ ತಾವೇ ಬಡಿಸಿಕೊಂಡರು. ಒಳಗೆ ಮಾಸ್ತರು ಬೋರ್ಡು ತುಂಬ ಲೆಕ್ಕ ಬಿಡಿಸುತ್ತಿದ್ದರು, ಅಮೃತ ಬರೆದುಕೊಳ್ಳುತ್ತಿದ್ದಳು. ಬಾಗಿಲಲ್ಲಿದ್ದ ನಿಂಬೆವ್ವ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದಳು. ಒಂದು ಸಾಲೂ ತಿಳಿಯಲಿಲ್ಲ. ಸಿಟ್ಟಿಗೆ ಅವಳ ಕಣ್ಣು ತುಂಬಿದವು, ಆದರೂ ಬಾಗಿಲು ಬಿಟ್ಟು ಅಲುಗಲಿಲ್ಲ.