ಕೊನೆಯ ಬೆಂಚಿನ ಪ್ರೊಫೆಸರ್
ಪೋಲೆಂಡಿನ ಲುಬ್ಲಿನ್ ನಗರದಲ್ಲಿ ಪೋಲಿಷ್ ಸಾಹಿತ್ಯದ ಶಿಕ್ಷಕರನ್ನು ತಯಾರು ಮಾಡುತ್ತಿದ್ದ ನಮ್ಮ ಪ್ರೊಫೆಸರ್ ಹಲ್ಶ್ಕಾ ವ್ರೊನೆಟ್ಸ್ಕಾ, ನಾವು ಶಾಲೆಯಲ್ಲಿ ಮೊದಲ ಪಾಠ ಮಾಡುವ ದಿನ ನಮಗಿಂತ ಹೆಚ್ಚು ಹೆದರುತ್ತಿದ್ದರು. ಕೋಟೂ ಬಿಚ್ಚದೆ ಕೊನೆಯ ಬೆಂಚಿನಲ್ಲಿ ಕೂತು, ನಾವು ಓದುವ ಪದ್ಯವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. "ಮಕ್ಕಳು ಸುಮ್ಮನಿದ್ರೆ ಗಾಬರಿಯಾಗ್ಬೇಡಿ, ಯೋಚನೆ ಮಾಡ್ತಿರ್ತಾರೆ" ಎಂದು ನಮಗೆ ಧೈರ್ಯ ಹೇಳುತ್ತ ತಾವೇ ಕರವಸ್ತ್ರ ಹಿಂಡುತ್ತಿದ್ದರು. ನನ್ನ ಸರದಿಯ ದಿನ ಪದ್ಯದ ನಡುವೆ ನನಗೆ ಮಾತೇ ನಿಂತುಹೋಯಿತು. ಪ್ರೊಫೆಸರ್ ಅರ್ಧ ಎದ್ದರು, ಬೆಂಚನ್ನು ಗಟ್ಟಿಯಾಗಿ ಹಿಡಿದು ಮತ್ತೆ ಕೂತರು. ಕೊನೆಗೆ ಹುಡುಗಿಯೊಬ್ಬಳು, "ಟೀಚರ್, ಪದ್ಯದಲ್ಲಿರೋ ಅಮ್ಮ ಚಳಿಯಲ್ಲೂ ಕಿಟಕಿ ಯಾಕೆ ಮುಚ್ಚಲ್ಲ?" ಎಂದು ಕೇಳಿದಳು, ಪಾಠ ಮುಂದೆ ಸಾಗಿತು. ಹೊರಗೆ ಬಂದ ಮೇಲೆ, "ನೀವೇ ಬಂದು ಮುಗಿಸ್ಬಾರ್ದಿತ್ತಾ, ಮೇಡಂ?" ಎಂದೆ. "ನನ್ನ ಮೊದಲ ಪಾಠಾನ ನಮ್ಮ ಪ್ರೊಫೆಸರ್ ಎದ್ದು ಬಂದು ಮುಗಿಸಿಕೊಟ್ರು ಕಣಮ್ಮ," ಎಂದರು. "ಆಮೇಲೆ ನಾನು ಯಾವ ಶಾಲೆಯಲ್ಲೂ ಪಾಠ ಮಾಡ್ಲಿಲ್ಲ."